ಗಿರಾಕಿಗಳು ಕೂರುವ ಕಂಪ್ಯೂಟರಿನಲ್ಲಿ ನನ್ನ ಫೋಲ್ಡರ್‌ಗಳು ಅವರಿಗೆ ತೆರೆಯದಂತೆ ಮಾಡುವುದು ಹೇಗೆ?

ಜೆರಾಕ್ಸ್ ಅಕ್ಕ (ಪ್ರಶ್ನೆ)

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಹತ್ತು ಅಡಿ ಅಗಲದ ಮಳಿಗೆ, ಒಂದು ಜೆರಾಕ್ಸ್ ಯಂತ್ರ, ಒಂದು ಸ್ಕ್ಯಾನರ್, ಒಂದೇ ಕಂಪ್ಯೂಟರ್. ಎರಡನೆಯದನ್ನು ಕೊಳ್ಳುವಷ್ಟು ವ್ಯಾಪಾರವೂ ಇಲ್ಲ, ಕೊಂಡರೆ ಇಡಲು ಜಾಗವೂ ಇಲ್ಲ. ನಾನು ಜೆರಾಕ್ಸ್ ಯಂತ್ರದ ಮುಂದೆ ನಿಂತಿರುವಾಗ ಗಿರಾಕಿಗಳೇ ಕುಳಿತು ವಾಟ್ಸಾಪ್‌ನಿಂದ ತಮ್ಮ ಕಾಗದ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾರೆ. ಇಬ್ಬರು ವಕೀಲರ ಗುಮಾಸ್ತರು ಟೈಪಿಂಗ್ ಬಲ್ಲವರು. ಗಂಟೆಗೆ ಇಷ್ಟೆಂದು ಕೊಟ್ಟು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಹನ್ನೊಂದು ವರ್ಷ ಹೀಗೆಯೇ ನಡೆಯಿತು.

ಕಳೆದ ವಾರ ಒಬ್ಬರು ಬೆಳೆ ಪರಿಹಾರದ ಅರ್ಜಿ ಬರೆಯಲು ವರ್ಡ್ ತೆರೆದರು. ತೆರೆದ ಕೂಡಲೇ ವರ್ಡ್ ಹಳೆಯ ಕಡತಗಳ ಪಟ್ಟಿ ತೋರಿಸುತ್ತದಲ್ಲ, ಅದರಲ್ಲಿ ಅವರ ದಾಯಾದಿಯ ಹೆಸರಿನ ಪಾಲುಪಟ್ಟಿಯ ಕರಡು ಇತ್ತು. ಒತ್ತಿದರು, ತೆರೆಯಿತು. ಆರೂ ಪುಟ ಓದಿ, ಅರ್ಜಿಯನ್ನು ಬರೆಯದೆಯೇ ಎದ್ದು ಹೋದರು. ಸಂಜೆ ಏಳಕ್ಕೆ ಆ ದಾಯಾದಿಯಿಂದ ನನಗೆ ಫೋನ್ ಬಂತು. ಅದರಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಕೇಳಿಸಿಕೊಳ್ಳಬೇಕಾದದ್ದೇ ಆಗಿತ್ತು ಎಂಬುದು ಬೇರೆ ಮಾತು.

ಅಣ್ಣನ ಮಗ ಬಂದು, ಡಿ ಡ್ರೈವಿನಲ್ಲಿರುವ ನನ್ನ 'ಗಿರಾಕಿ' ಫೋಲ್ಡರನ್ನು ಕಣ್ಣಿಗೆ ಕಾಣದಂತೆ ಹಿಡನ್ ಮಾಡಿಕೊಟ್ಟು, ಚಹಾ ಕುಡಿದು ಹೋದ. ಮರುದಿನ ಬೆಳಿಗ್ಗೆ ವರ್ಡ್ ತೆರೆದರೆ ಪಾಲುಪಟ್ಟಿ ಅದೇ ಪಟ್ಟಿಯಲ್ಲಿ ಅದೇ ಜಾಗದಲ್ಲಿ ಕುಳಿತಿತ್ತು. ಒತ್ತಿದರೆ ತೆರೆಯುತ್ತಲೂ ಇತ್ತು.

ಮೊದಲು ವಿಂಡೋಸ್ 7 ಇದ್ದಾಗ ಗೆಸ್ಟ್ ಎಂಬ ಖಾತೆಯನ್ನು ನೋಡಿದ ನೆನಪು. ಈಗಿನದು ವಿಂಡೋಸ್ 10 ಹೋಮ್. ಹುಡುಕಿದರೆ ಆ ಖಾತೆ ಇಲ್ಲ. ಅದೇ ಹೆಸರಿನಲ್ಲಿ ಹೊಸದಾಗಿ ಮಾಡಲು ಹೋದರೆ ಹೆಸರನ್ನೇ ಒಪ್ಪುತ್ತಿಲ್ಲ. ಈ ಕಂಪ್ಯೂಟರಿಗೆ ಇಲ್ಲಿಯವರೆಗೆ ಪಾಸ್‌ವರ್ಡ್ ಇಲ್ಲ. 'ಗಿರಾಕಿ' ಫೋಲ್ಡರಿನೊಳಗೆ ಊರಿಗೊಂದರಂತೆ ಮೂವತ್ತೆರಡು ಫೋಲ್ಡರ್‌ಗಳಿವೆ. ಆಧಾರ್ ಸ್ಕ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ವಂಶವೃಕ್ಷ, ಕರಾರು ಪತ್ರ, ಲಗ್ನಪತ್ರಿಕೆ ಎಲ್ಲವೂ ಅದರಲ್ಲಿವೆ. ಕೂರುವವರು ಕೂರಲಿ, ಅವರ ಕೆಲಸ ಅವರು ಮಾಡಿಕೊಳ್ಳಲಿ. ಈ ಫೋಲ್ಡರ್ ಮಾತ್ರ ಅವರಿಗೆ ತೆರೆಯಬಾರದು. ಏನು ಮಾಡಬೇಕು?


ಲ್ಯಾಬ್ ಮೇಷ್ಟರು

ಅಕ್ಕಾ, ನಾನು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಒಂದು ಯಂತ್ರದ ಮುಂದೆ ದಿನಕ್ಕೆ ಐದು ತಂಡಗಳ ಹುಡುಗರು ಕೂರುತ್ತಾರೆ. ಆದ್ದರಿಂದ ನಿಮ್ಮ ಸಂಕಟ ನನಗೆ ಹೊಸದಲ್ಲ.

ಮೊದಲು ಗೆಸ್ಟ್ ವಿಚಾರ. 2015ರಲ್ಲಿ ವಿಂಡೋಸ್ 10 ಬಂದಾಗ ಆ ಖಾತೆಯನ್ನು ಬಳಕೆಯಿಂದ ತೆಗೆದರು. ಆದರೆ ಹೆಸರನ್ನು ಒಳಗೆ ಉಳಿಸಿಕೊಂಡಿದ್ದಾರೆ, ಅದಕ್ಕೇ ನಿಮಗೆ ಕೊಡುತ್ತಿಲ್ಲ. ಬೇರೆ ಹೆಸರಿಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್ ತೆರೆದು, ಈ ಕಂಪ್ಯೂಟರಿಗೆ ಇನ್ನೊಬ್ಬರನ್ನು ಸೇರಿಸುವ ಗುಂಡಿ ಒತ್ತಿ. ಅದು ಇಮೇಲ್ ಕೇಳುತ್ತದೆ. ಅವರ ವಿವರ ನನ್ನ ಬಳಿ ಇಲ್ಲ ಎಂಬುದನ್ನು ಒತ್ತಿದರೆ, ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸುವ ದಾರಿ ಕಾಣುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಕೊಡಿ. ಕನ್ನಡದಲ್ಲಿ ಕೊಟ್ಟರೆ ಕೆಲವು ಹಳೆಯ ತಂತ್ರಾಂಶಗಳು ಮುಗ್ಗರಿಸುತ್ತವೆ. ಹೊಸ ಖಾತೆ ತಾನಾಗಿಯೇ ಸ್ಟ್ಯಾಂಡರ್ಡ್ ದರ್ಜೆಯದಾಗಿರುತ್ತದೆ, ಹಾಗೆಯೇ ಬಿಡಿ. ಅದಕ್ಕೆ ಪಾಸ್‌ವರ್ಡ್ ಬೇಡ. ನಿಮ್ಮ ಖಾತೆಗೆ ಮಾತ್ರ ಇವತ್ತೇ ಒಂದು ಪಾಸ್‌ವರ್ಡ್ ಹಾಕಿ. ಅದಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

ಇಷ್ಟಾದರೆ ನಿಮ್ಮ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಆ ಖಾತೆಗೆ ತೆರೆಯುವುದಿಲ್ಲ. ಅವು ಸಿ ಡ್ರೈವಿನಲ್ಲಿ ನಿಮ್ಮ ಹೆಸರಿನ ಮನೆಯೊಳಗಿರುತ್ತವೆ. ಡಿ ಡ್ರೈವ್ ಹಾಗಲ್ಲ, ಅದು ಊರಿನ ಗೋಮಾಳ. ಅಲ್ಲಿ ಮಾಡಿದ ಫೋಲ್ಡರನ್ನು ಈ ಕಂಪ್ಯೂಟರಿನ ಯಾವ ಖಾತೆಯವರು ಬೇಕಾದರೂ ಓದಬಹುದು, ತಿದ್ದಬಹುದು, ಅಳಿಸಲೂಬಹುದು. ಡಿ ಡ್ರೈವ್ ತನ್ನ ಅನುಮತಿಗಳನ್ನು ಒಳಗಿನ ಫೋಲ್ಡರ್‌ಗಳಿಗೆ ಪಿತ್ರಾರ್ಜಿತವಾಗಿ ಇಳಿಸುತ್ತದೆ. ಆ ಇಳಿಕೆಯನ್ನು ನೀವು ಕತ್ತರಿಸಬೇಕು.

'ಗಿರಾಕಿ' ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್‌ವರೆಗೆ ಹೋಗಿ. ಕೆಳಗೆ ಡಿಸೇಬಲ್ ಇನ್‌ಹೆರಿಟೆನ್ಸ್ ಎಂದಿದೆ. ಒತ್ತಿದರೆ ಎರಡು ಆಯ್ಕೆ ಬರುತ್ತವೆ. ಕನ್ವರ್ಟ್ ಎಂದು ಶುರುವಾಗುವುದನ್ನು ಆರಿಸಿ, ರಿಮೂವ್ ಎಂದು ಶುರುವಾಗುವುದನ್ನಲ್ಲ. ಈಗ ಪಟ್ಟಿಯಲ್ಲಿ ಅಥೆಂಟಿಕೇಟೆಡ್ ಯೂಸರ್ಸ್ ಮತ್ತು ಯೂಸರ್ಸ್ ಎಂಬ ಎರಡು ಸಾಲುಗಳು ಇರುತ್ತವೆ, ಅವನ್ನು ತೆಗೆಯಿರಿ. ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್ ಇರಲಿ. ಆಡ್ ಒತ್ತಿ ನಿಮ್ಮ ಖಾತೆಯ ಹೆಸರು ಸೇರಿಸಿ ಫುಲ್ ಕಂಟ್ರೋಲ್ ಕೊಡಿ. ಒಳಗಿನ ಮೂವತ್ತೆರಡು ಊರುಗಳಿಗೂ ಇದೇ ಇಳಿಯುತ್ತದೆ. ಇದನ್ನೇ ಒಂದು ಸಾಲಿನ ಕಮಾಂಡಿನಿಂದಲೂ ಮಾಡಬಹುದು. ಆದರೆ ಅದರಲ್ಲಿ ಒಂದು ಅಕ್ಷರ ತಪ್ಪಿದರೆ ಬೇರೆ ಫೋಲ್ಡರಿಗೆ ಬೀಗ ಬೀಳುತ್ತದೆ. ಇಲಿ ಹಿಡಿದೇ ಮಾಡಿ.

ಸೆಕ್ಯುರಿಟಿ ಟ್ಯಾಬ್ ಕಾಣದಿದ್ದರೆ ಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್, ಅಂದರೆ ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ, ಏನೆಂದು ನೋಡಿ ಹೇಳಿ. ಎನ್‌ಟಿಎಫ್‌ಎಸ್ ಇರಬೇಕು. ಫ್ಯಾಟ್ 32 ಆಗಿದ್ದರೆ ಅದಕ್ಕೆ ಅನುಮತಿ ಎಂಬ ಕಲ್ಪನೆಯೇ ಇಲ್ಲ. ಸಾಮಾನ್ಯವಾಗಿ ಪೆನ್‌ಡ್ರೈವ್‌ಗಳು ಹಾಗಿರುತ್ತವೆ.


ತುಂಗೆಯ ದಡ

ಇಷ್ಟೆಲ್ಲ ಏಕೆ ಮೇಡಂ? ಫೋಲ್ಡರಿಗೆ ಪಾಸ್‌ವರ್ಡ್ ಹಾಕುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ. ಒಂದನ್ನು ಹಾಕಿಕೊಂಡರೆ ಎರಡು ನಿಮಿಷದ ಕೆಲಸ.


ಲ್ಯಾಬ್ ಮೇಷ್ಟರು

ಹಾಕಿಕೊಂಡವರು ನಮ್ಮ ಲ್ಯಾಬಿಗೇ ಬಂದಿದ್ದರು. ಪಾಸ್‌ವರ್ಡ್ ಮರೆತಿದ್ದರು. ಅಂಥ ತಂತ್ರಾಂಶಗಳಲ್ಲಿ ಕೆಲವು ಫೋಲ್ಡರನ್ನು ಬರೀ ಅಡಗಿಸಿಡುತ್ತವೆ, ಅಣ್ಣನ ಮಗ ಚಹಾ ಕುಡಿದು ಮಾಡಿದ ಕೆಲಸವನ್ನೇ ಮಾಡುತ್ತವೆ. ವಿಂಡೋಸಿನೊಳಗೇ ಇರುವ ಬೀಗವನ್ನು ಬಿಟ್ಟು, ಯಾರು ಮಾಡಿದರೆಂದು ತಿಳಿಯದ ಬೀಗವನ್ನು ಊರವರ ಆಧಾರ್ ಮೇಲೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.


ಜೆರಾಕ್ಸ್ ಅಕ್ಕ

ಮೇಷ್ಟರೇ, ಎಡವಟ್ಟಾಗಿದೆ. ನೀವು ಹೇಳಿದ್ದನ್ನು ಓದಿದೆ, ಆದರೆ ಪೂರ್ತಿ ಓದುವ ಮೊದಲೇ ಕೈ ಓಡಿತು. ಸೆಕ್ಯುರಿಟಿಯಲ್ಲಿ ಯೂಸರ್ಸ್ ಎಂದು ಕಂಡಿತು. ಅಡ್ಮಿನಿಸ್ಟ್ರೇಟರ್ಸ್ ಎಂದರೆ ನಾನು, ಯೂಸರ್ಸ್ ಎಂದರೆ ಬಂದು ಕೂರುವವರು ಎಂದುಕೊಂಡು ಯೂಸರ್ಸ್ ಸಾಲಿನಲ್ಲಿ ಡಿನೈ ಎಂಬ ಚೌಕಗಳಿಗೆಲ್ಲ ಗುರುತು ಹಾಕಿದೆ. ಒಂದು ಎಚ್ಚರಿಕೆ ಬಂತು, ಓಕೆ ಒತ್ತಿದೆ. ಈಗ ನನಗೇ ತೆರೆಯುತ್ತಿಲ್ಲ. ಹೊರಗೆ ಇಬ್ಬರು ಕರಾರು ಪತ್ರಕ್ಕೆ ಕಾದು ಕುಳಿತಿದ್ದಾರೆ. ಇಷ್ಟು ವರ್ಷದ ಕಡತಗಳು ಹೋದವೇ?


ಲ್ಯಾಬ್ ಮೇಷ್ಟರು

ಏನೂ ಹೋಗಿಲ್ಲ. ಕಾದಿರುವವರಿಗೆ ಹತ್ತು ನಿಮಿಷ ಎಂದು ಹೇಳಿ.

ಯೂಸರ್ಸ್ ಎಂದರೆ 'ಬೇರೆಯವರು' ಎಂದಲ್ಲ, ಈ ಯಂತ್ರದಲ್ಲಿ ಲಾಗಿನ್ ಆದ ಎಲ್ಲರೂ. ನೀವೂ ಅದರಲ್ಲಿ ಒಬ್ಬರು. ಒಂದೇ ಫೋಲ್ಡರಿನ ಮೇಲೆ ಡಿನೈ ಮತ್ತು ಅಲೋ ಎರಡನ್ನೂ ನೇರವಾಗಿ ಬರೆದರೆ ಡಿನೈ ಗೆಲ್ಲುತ್ತದೆ. ಮೇಲಿನಿಂದ ಇಳಿದು ಬಂದ ಅಲೋ ಅಂತೂ ಅದರ ಮುಂದೆ ನಿಲ್ಲುವುದೇ ಇಲ್ಲ. ಹೆಬ್ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ನೀವು ಕಿಟಕಿಯಿಂದ ಹೊರಗೆ ಜಿಗಿದಂತಾಗಿದೆ.

ಆದರೆ ಆ ಫೋಲ್ಡರಿನ ಒಡೆತನ ನಿಮ್ಮದು. ಒಡೆಯರಿಗೆ ಒಳಗೆ ಓದುವ ಅನುಮತಿ ಇಲ್ಲದಿದ್ದರೂ ಅನುಮತಿ ಪಟ್ಟಿಯನ್ನು ತಿದ್ದುವ ಹಕ್ಕು ಉಳಿದೇ ಇರುತ್ತದೆ. ಮತ್ತೆ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್. ಡಿನೈ ಎಂದು ಶುರುವಾಗುವ ಸಾಲನ್ನು ಆರಿಸಿ ತೆಗೆಯಿರಿ. ಆಮೇಲೆ ಮೊದಲು ಹೇಳಿದ ಕ್ರಮ. ಈ ಕೆಲಸಕ್ಕೆ ಡಿನೈ ಬೇಕಾಗಿಯೇ ಇಲ್ಲ. ಯಾರ ಹೆಸರು ಪಟ್ಟಿಯಲ್ಲಿ ಇಲ್ಲವೋ ಅವರಿಗೆ ಬಾಗಿಲು ತಾನಾಗಿ ಮುಚ್ಚಿರುತ್ತದೆ. ಮದುವೆಗೆ ಕರೆಯದವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲವಲ್ಲ.


ಹಳೆ ಗುಮಾಸ್ತ

ನಾನು ಮೂವತ್ತು ವರ್ಷ ದಸ್ತಾವೇಜುಗಳ ನಡುವೆಯೇ ಇದ್ದವನು. ತಂತ್ರದ ಮಾತು ಮೇಷ್ಟರಿಗೆ ಬಿಟ್ಟೆ. ನನ್ನ ಪ್ರಶ್ನೆ ಬೇರೆ. ಕೆಲಸ ಮುಗಿದ ಮೇಲೂ ಅಷ್ಟೊಂದು ಜನರ ಕಾಗದವನ್ನು ನೀವು ಏಕಮ್ಮಾ ಇಟ್ಟುಕೊಂಡಿದ್ದೀರಿ? ಪಹಣಿ ಇರಲಿ, ಅದು ಗುಟ್ಟಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ನೋಂದಣಿಯಾಗದ ಪಾಲುಪಟ್ಟಿಯ ಕರಡು ಎಂದರೆ ಮನೆಯೊಳಗಿನ ಮಾತು. ಇವತ್ತು ಬರೆದದ್ದನ್ನು ನಾಳೆ ಒಡೆದು ಮತ್ತೆ ಕಟ್ಟುತ್ತಾರೆ. ನಡುವಿನ ಒಂದು ಕರಡು ಹೊರಗೆ ಬಿದ್ದರೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲೇರುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಆಧಾರ್ ಪ್ರತಿಗಳದ್ದೂ ಅದೇ ಕಥೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಸಿಗುತ್ತದೆ, ಎಷ್ಟೋ ಕೆಲಸಕ್ಕೆ ಅದು ಸಾಕು. ಗಿರಾಕಿಗೆ ಹೇಳಿಕೊಡಿ.


ಜೆರಾಕ್ಸ್ ಅಕ್ಕ

ಮೇಷ್ಟರೇ, ತೆರೆಯಿತು. ಕಾದಿದ್ದವರಲ್ಲಿ ಒಬ್ಬರು ಎದ್ದು ಹೋಗಿದ್ದರು, ಇನ್ನೊಬ್ಬರು ನನ್ನ ಮುಖ ನೋಡಿ ನೀರು ತಂದುಕೊಟ್ಟರು.

ಗುಮಾಸ್ತರೇ, ಏಕೆ ಇಟ್ಟುಕೊಂಡಿದ್ದೇನೆ ಎಂದರೆ ಅವರೇ ಬರುತ್ತಾರೆ. "ಹೋದ ವರ್ಷ ಕೊಟ್ಟಿದ್ದೆನಲ್ಲಮ್ಮಾ, ಅದರಿಂದಲೇ ತೆಗೆದುಕೊಡಿ" ಎನ್ನುತ್ತಾರೆ. ಮೂಲ ಪ್ರತಿ ಮನೆಯಲ್ಲಿರುತ್ತದೆ, ಮನೆ ಹದಿನೆಂಟು ಕಿಲೋಮೀಟರ್ ದೂರ, ಬಸ್ಸು ಎರಡೇ. ನನ್ನ ಬಳಿ ಪ್ರತಿ ಇದೆ ಎಂಬುದೇ ಎಷ್ಟೋ ಜನ ನನ್ನ ಅಂಗಡಿಗೆ ಬರುವ ಕಾರಣ. ಆದರೂ ನಿಮ್ಮ ಮಾತು ಕುಟುಕಿತು. ಭಾನುವಾರ ಕುಳಿತು ಐದು ವರ್ಷಕ್ಕಿಂತ ಹಳೆಯದನ್ನು ಅಳಿಸುತ್ತಾ ಹೋದೆ. ಅದರಲ್ಲಿ ಸುಮಾರು ಜನ ತೀರಿಕೊಂಡವರು. ಅವರ ಆಧಾರ್ ಫೋಟೋಗಳಲ್ಲಿ ಎಲ್ಲರೂ ಕಣ್ಣು ಅಗಲಿಸಿಕೊಂಡಿರುತ್ತಾರೆ, ಅಳಿಸುವಾಗ ಒಂದು ಥರ ಆಯಿತು.

ಈಗ ನನ್ನದೊಂದು, ಗಿರಾಕಿಗಳದೊಂದು, ಹೀಗೆ ಎರಡು ಖಾತೆಗಳಾಗಿವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಮೊದಲೆಲ್ಲ ಕಂಪ್ಯೂಟರ್ ನೇರವಾಗಿ ನನ್ನ ಡೆಸ್ಕ್‌ಟಾಪಿಗೆ ಬಂದು ನಿಲ್ಲುತ್ತಿತ್ತು, ಈಗ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ನಾನು ಎದ್ದು ಹೋಗುವಾಗ ವಿಂಡೋಸ್ ಗುಂಡಿ ಮತ್ತು ಎಲ್ ಒಟ್ಟಿಗೆ ಒತ್ತುತ್ತೇನೆ. ಮೊದಲ ಎರಡು ದಿನ ಮರೆತೆ, ಈಗ ಕೈಗೇ ಬಂದಿದೆ.

ಹೊಸ ತೊಂದರೆ ಏನೆಂದರೆ, ಗುಮಾಸ್ತರೊಬ್ಬರು ಗಿರಾಕಿಗಳ ಖಾತೆಯಲ್ಲಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ತಮ್ಮ ಪೆನ್‌ಡ್ರೈವಿನ ಕಡತ ತೆರೆದರೆ ಕನ್ನಡ ಬರುತ್ತಿಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು. ನನ್ನ ಖಾತೆಯಲ್ಲಿ ಅದೇ ಕಡತ ಸರಿಯಾಗಿದೆ.


ಲ್ಯಾಬ್ ಮೇಷ್ಟರು

ಫಾಂಟ್‌ಗಳು ನಿಮ್ಮ ಖಾತೆಯೊಳಗೆ ಮಾತ್ರ ಕುಳಿತಿವೆ. 2018ರ ಕೊನೆಯ ಹೊತ್ತಿನಿಂದ ವಿಂಡೋಸ್ 10ರಲ್ಲಿ ಫಾಂಟ್ ಕಡತವನ್ನು ಸುಮ್ಮನೆ ಇನ್‌ಸ್ಟಾಲ್ ಮಾಡಿದರೆ ಅದು ಮಾಡಿದವರ ಪಾಲಿಗಷ್ಟೇ ಸೇರುತ್ತದೆ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲವಾದ್ದರಿಂದ, ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಸಂಕೇತಗಳು ಬೆತ್ತಲಾಗಿ ಕಾಣುತ್ತವೆ. ನಿಮ್ಮ ಖಾತೆಯಲ್ಲಿ ಫಾಂಟ್ ಕಡತಗಳನ್ನೆಲ್ಲ ಒಟ್ಟಿಗೆ ಆರಿಸಿ ಬಲಗುಂಡಿ ಒತ್ತಿದರೆ, ಎಲ್ಲ ಬಳಕೆದಾರರಿಗೆ ಇನ್‌ಸ್ಟಾಲ್ ಮಾಡುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ.

ಇನ್ನೊಂದು ಮಾತು, ಮೊದಲೇ ಹೇಳಬೇಕಿತ್ತು. ಗಿರಾಕಿ ಖಾತೆಯಲ್ಲಿ ಯಾರಾದರೂ ನಿಮ್ಮ ಮನೆ-ಫೋಲ್ಡರನ್ನು ಒತ್ತಿದರೆ, ಅನುಮತಿ ಇಲ್ಲ, ಮುಂದುವರಿಯಬೇಕೇ ಎಂಬ ಪೆಟ್ಟಿಗೆ ಬರುತ್ತದೆ. ಕಂಟಿನ್ಯೂ ಒತ್ತಿದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಬೇಗ ಕೆಲಸವಾಗಲಿ ಎಂದು ಅಲ್ಲಿ ಎಂದೂ ಪಾಸ್‌ವರ್ಡ್ ಹಾಕಬೇಡಿ. ಅದು ಆ ಒಂದು ಸಲಕ್ಕೆ ತೆರೆಯುವುದಲ್ಲ, ಆ ಖಾತೆಯ ಹೆಸರನ್ನು ಫೋಲ್ಡರಿನ ಪಟ್ಟಿಗೆ ಕಾಯಂ ಆಗಿ ಸೇರಿಸಿಬಿಡುತ್ತದೆ.


ಕಪ್ಪು ಪರದೆ

ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲು ಬಳಸುವ ಲಿನಕ್ಸ್ ಹಾಕಿಕೊಂಡು ಬಂದು ಅದರಿಂದ ಕಂಪ್ಯೂಟರ್ ಶುರು ಮಾಡಿದರೆ ಈ ಅನುಮತಿ ಪಟ್ಟಿಗಳನ್ನು ಯಾರೂ ಕೇಳುವುದಿಲ್ಲ. ಡಿಸ್ಕಿನಲ್ಲಿರುವುದೆಲ್ಲ ಬಯಲು. ನಿಜವಾದ ಬೀಗ ಎಂದರೆ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದವರಿಗೆ ಓದಲಾಗದಂತೆ ಕಡತವನ್ನೇ ಗೂಢಲಿಪಿಗೆ ತಿರುಗಿಸುವುದು. ಅದನ್ನು ಮಾಡುವ ವಿಂಡೋಸಿನದೇ ಬಿಟ್‌ಲಾಕರ್ ಪೂರ್ತಿಯಾಗಿ ಬೇಕೆಂದರೆ ಪ್ರೊ ಆವೃತ್ತಿ ಬೇಕು. ಹೋಮ್‌ನಲ್ಲಿ ಅದೇ ಕೆಲಸಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಬಳಸಬಹುದು. ಜೊತೆಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿಗೆ ಬನ್ನಿ. 21.04 ಆವೃತ್ತಿಯಿಂದ ಅಲ್ಲಿ ಒಬ್ಬರ ಮನೆ-ಫೋಲ್ಡರ್ ಇನ್ನೊಬ್ಬರಿಗೆ ಕಾಣದಂತೆಯೇ ಬರುತ್ತದೆ.


ಜೆರಾಕ್ಸ್ ಅಕ್ಕ

ತಮ್ಮಾ, ನೀನು ಹೇಳುವುದು ನಿಜವೇ ಇರಬಹುದು. ಆದರೆ ಕಂಪ್ಯೂಟರ್ ಇರುವುದು ನನ್ನಿಂದ ನಾಲ್ಕು ಅಡಿ ದೂರದಲ್ಲಿ. ಪೆನ್‌ಡ್ರೈವ್ ಚುಚ್ಚಿ ಯಂತ್ರ ಆರಿಸಿ ಮತ್ತೆ ಹಚ್ಚುವವನು ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ನನಗೆ ಭಯವಿರುವುದು ಕಳ್ಳರದ್ದಲ್ಲ, ಕುತೂಹಲದ್ದು. ರಾತ್ರಿ ಅಂಗಡಿ ಒಡೆದು ಯಂತ್ರವನ್ನೇ ಹೊತ್ತೊಯ್ದರೆ ಎಂಬ ಪ್ರಶ್ನೆ ಮಾತ್ರ ನಿನ್ನ ಮಾತಿನಿಂದ ತಲೆಗೆ ಹೊಕ್ಕಿದೆ. ಆ ವೆರಾಕ್ರಿಪ್ಟ್ ಬಗ್ಗೆ ದೀಪಾವಳಿ ಕಳೆದ ಮೇಲೆ ಕೇಳುತ್ತೇನೆ. ಉಬುಂಟು ಬೇಡ. ನನ್ನ ಸ್ಕ್ಯಾನರ್ ವಿಂಡೋಸಿನಲ್ಲಿಯೇ ಹತ್ತು ಸಲ ಮುನಿಸಿಕೊಳ್ಳುತ್ತದೆ.

ಮೇಷ್ಟರೇ, ಫಾಂಟ್ ಸರಿಹೋಯಿತು. ಆದರೆ ಇವತ್ತು ವಿಚಿತ್ರವೊಂದನ್ನು ಕಂಡೆ. ಬೀಗ ಗಟ್ಟಿಯಿದೆಯೇ ನೋಡೋಣವೆಂದು ನಾನೇ ಗಿರಾಕಿ ಖಾತೆಯಲ್ಲಿ ಕುಳಿತೆ. 'ಗಿರಾಕಿ' ಫೋಲ್ಡರ್ ಒತ್ತಿದರೆ ಅನುಮತಿ ಇಲ್ಲ ಎಂದಿತು, ಸಂತೋಷ. ಆಮೇಲೆ ವರ್ಡ್ ತೆರೆದೆ. ಅದರ ಪಟ್ಟಿಯಲ್ಲಿ, ಗುಮಾಸ್ತರು ಮಂಗಳವಾರ ಟೈಪ್ ಮಾಡಿದ ಕರಾರು ಪತ್ರ ಇತ್ತು. ಅದನ್ನು ನಾನು ಬುಧವಾರವೇ 'ಗಿರಾಕಿ'ಯೊಳಗೆ ಸೇರಿಸಿದ್ದೆ. ಹೊರಗಿನ ಹಳೆಯ ಜಾಗದ ಸಾಲನ್ನು ಒತ್ತಿದರೆ ಸಿಗಲಿಲ್ಲ. ಆದರೆ ತೆರೆಯುವ ಪೆಟ್ಟಿಗೆಯಲ್ಲಿ 'ಗಿರಾಕಿ'ಯೊಳಗಿನ ಪೂರ್ತಿ ದಾರಿಯನ್ನು ಬರೆದು ಎಂಟರ್ ಒತ್ತಿದೆ. ತೆರೆದೇಬಿಟ್ಟಿತು! ಫೋಲ್ಡರ್ ಮುಚ್ಚಿದೆ, ಒಳಗಿನ ಕಡತ ಮಾತ್ರ ತೆರೆಯುತ್ತದೆ. ಬೇರೆ ಹತ್ತು ಕಡತಗಳ ದಾರಿ ಬರೆದು ನೋಡಿದೆ, ಅವು ತೆರೆಯಲಿಲ್ಲ. ಇದೊಂದೇ ಹೀಗೆ.


ಲ್ಯಾಬ್ ಮೇಷ್ಟರು

ನೀವು ಈ ಪರೀಕ್ಷೆ ಮಾಡಿದ್ದಕ್ಕೆ ನನ್ನ ಲ್ಯಾಬಿನಲ್ಲಿ ಕೆಲಸ ಕೊಡಬೇಕು. ನಾನೇ ಇದನ್ನು ಹೇಳಲು ಮರೆತಿದ್ದೆ.

ಊಹಿಸುತ್ತೇನೆ, ನೀವು ಆ ಕಡತವನ್ನು ಡಿ ಡ್ರೈವಿನ ಬೇರೊಂದು ಫೋಲ್ಡರಿನಿಂದ ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದಿರಿ. ಒಂದೇ ಡ್ರೈವಿನೊಳಗೆ ಜಾಗ ಬದಲಿಸಿದರೆ ಕಡತ ತನ್ನ ಹಳೆಯ ಅನುಮತಿಯನ್ನು ಜೊತೆಗೇ ಹೊತ್ತು ತರುತ್ತದೆ. ಕಾಪಿ ಮಾಡಿದರೆ ಹಾಗಲ್ಲ, ಹೊಸ ಕಡತ ಹುಟ್ಟುತ್ತದೆ, ಹುಟ್ಟಿದ ಮನೆಯ ನಿಯಮಕ್ಕೆ ಒಳಪಡುತ್ತದೆ. ಇನ್ನು ಮುಚ್ಚಿದ ಫೋಲ್ಡರನ್ನು ದಾಟಿ ಒಳಗಿನ ಕಡತ ತೆರೆದದ್ದು ಹೇಗೆ ಎಂದರೆ, ಪೂರ್ತಿ ದಾರಿ ಗೊತ್ತಿದ್ದವರನ್ನು ವಿಂಡೋಸ್ ನಡುವಿನ ಬಾಗಿಲುಗಳಲ್ಲಿ ತಡೆಯುವುದಿಲ್ಲ. ಕೊನೆಯ ಕಡತದ ಅನುಮತಿಯನ್ನಷ್ಟೇ ನೋಡುತ್ತದೆ.

ಈಗಿರುವುದನ್ನು ಸರಿಪಡಿಸಲು 'ಗಿರಾಕಿ'ಯ ಅಡ್ವಾನ್ಸ್‌ಡ್ ಕಿಟಕಿಯ ಕೆಳತುದಿಗೆ ಹೋಗಿ. ಒಳಗಿನ ಎಲ್ಲದರ ಅನುಮತಿಯನ್ನೂ ಇಲ್ಲಿಯದರಿಂದ ಬದಲಿಸು ಎಂಬ ಒಂದು ಚೌಕ ಇದೆ, ರಿಪ್ಲೇಸ್ ಆಲ್ ಚೈಲ್ಡ್ ಎಂದು ಶುರುವಾಗುತ್ತದೆ. ಗುರುತು ಹಾಕಿ ಓಕೆ ಒತ್ತಿ. ಮುಂದಕ್ಕೆ ಒಳಗೆ ಸೇರಿಸುವಾಗ ಕಾಪಿ ಮಾಡಿ, ಆಮೇಲೆ ಹೊರಗಿನದನ್ನು ಅಳಿಸಿ.

ವರ್ಡಿನ ಪಟ್ಟಿ ಖಾತೆಗೊಂದು ಬೇರೆ ಇರುತ್ತದೆ. ಆದರೆ ನಿಮ್ಮಲ್ಲಿ ಆ ಖಾತೆಯನ್ನು ಊರೆಲ್ಲ ಬಳಸುತ್ತದೆ. ಆದ್ದರಿಂದ ಅದರಲ್ಲಿ ಒಬ್ಬ ಗಿರಾಕಿಯ ಕಡತದ ಹೆಸರು ಮುಂದಿನ ಗಿರಾಕಿಗೆ ಕಾಣುತ್ತದೆ. ವರ್ಡಿನ ಆಪ್ಷನ್ಸ್, ಅಡ್ವಾನ್ಸ್‌ಡ್, ಡಿಸ್‌ಪ್ಲೇ ಭಾಗದಲ್ಲಿ ಎಷ್ಟು ಹಳೆಯ ಕಡತ ತೋರಿಸಬೇಕು ಎಂಬಲ್ಲಿ ಸೊನ್ನೆ ಹಾಕಿ. ಕ್ರೋಮ್‌ನಲ್ಲಿ ಗೆಸ್ಟ್ ಕಿಟಕಿ ಎಂದು ಇದೆ, ವಾಟ್ಸಾಪ್ ಅದರಲ್ಲಿಯೇ ತೆರೆಯಲಿ. ಆ ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ಲಾಗಿನ್ ಅಳಿಯುತ್ತದೆ. ಇಳಿಸಿಕೊಂಡ ಕಡತ ಮಾತ್ರ ಡೌನ್‌ಲೋಡ್ಸ್‌ನಲ್ಲಿ ಉಳಿಯುತ್ತದೆ. ಅದನ್ನು ಸಂಜೆ ನೀವೇ ಗುಡಿಸಬೇಕು, ಕಸದ ಬುಟ್ಟಿ ಸಮೇತ.


ಜೆರಾಕ್ಸ್ ಅಕ್ಕ

ಹೌದು, ಕಟ್ ಮಾಡಿದ್ದೆ. ಡಿ ಡ್ರೈವಿನಲ್ಲಿ 'ಟಪಾಲು' ಎಂಬ ಫೋಲ್ಡರ್ ಮಾಡಿ, ಅವರು ಅಲ್ಲಿ ಇಡುವುದು ನಾನು ಅಲ್ಲಿಂದ ಎತ್ತಿಕೊಳ್ಳುವುದು ಎಂದು ನಾನೇ ಏರ್ಪಾಟು ಮಾಡಿಕೊಂಡಿದ್ದೆ. ಆ ಚೌಕಕ್ಕೆ ಗುರುತು ಹಾಕಿದೆ. ಓಡಿ ಮುಗಿಯಲು ಸುಮಾರು ಹೊತ್ತು ತೆಗೆದುಕೊಂಡಿತು. ಮತ್ತೆ ಗಿರಾಕಿ ಖಾತೆಯಲ್ಲಿ ಕುಳಿತು ಅದೇ ದಾರಿ ಬರೆದೆ, ಈ ಸಲ ತೆರೆಯಲಿಲ್ಲ. ಸಂಜೆ ಗುಡಿಸುವಾಗ ಈಗ ಡೌನ್‌ಲೋಡ್ಸನ್ನೂ ಗುಡಿಸುತ್ತೇನೆ. ಮೊದಲ ದಿನವೇ ನೂರಹತ್ತು ಕಡತಗಳಿದ್ದವು, ಅದರಲ್ಲಿ ಒಂದು ನನ್ನ ಅತ್ತೆಯ ರಕ್ತಪರೀಕ್ಷೆಯ ವರದಿ.

ಬೆಳೆ ಪರಿಹಾರದವರು ನಿನ್ನೆ ಮತ್ತೆ ಬಂದಿದ್ದರು. ಅರ್ಜಿ ಆ ದಿನ ಬರೆಯದೆ ಹೋಗಿದ್ದರಲ್ಲ. ವರ್ಡ್ ತೆರೆದು, ಬಿಳಿ ಪುಟವನ್ನು ಒಂದು ಕ್ಷಣ ನೋಡಿ, "ಏನಮ್ಮಾ, ಹಳೆಯದೆಲ್ಲ ಹೋಯಿತೇ?" ಎಂದು ಕೇಳಿದರು. ಇದೆ ಎಂದೆ. ಮತ್ತೇನೂ ಕೇಳಲಿಲ್ಲ. ಎರಡು ಪುಟ ಬರೆದು, ಪ್ರಿಂಟ್ ತೆಗೆದು, ಚಿಲ್ಲರೆ ಎಣಿಸಿಟ್ಟು ಹೋದರು.